ಜೌಗಿನ ನೀರು ಬಸಿದರೆ ಗಾಳಿಗೇನಾಗುತ್ತದೆ?

ಜಾಮಿಟ್ರಿ ಪೆಟ್ಟಿಗೆಯಿಂದ ಸ್ಕೇಲ್ ತೆಗೆದು ಮುಂದಿಟ್ಟುಕೊಳ್ಳಿ. ಈ ಬರಹ ಮುಗಿಯುವವರೆಗೂ ಅದು ಕೈಗೆ ಸಿಗುವಂತಿರಲಿ, ಆಗಾಗ ಬೇಕಾಗುತ್ತದೆ. ಮೊದಲು ಸೊನ್ನೆಯಿಂದ ಎಂಟು ಪುಟ್ಟ ಗೆರೆ ಎಣಿಸಿ ಬೆರಳಿಡಿ. ಎಂಟು ಮಿಲಿಮೀಟರ್ ಆಯಿತಲ್ಲ? ಅಷ್ಟುದ್ದವೂ ಇಲ್ಲದ ಒಂದು ಮೀನಿದೆ. ಮರಿಯಲ್ಲ, ಬೆಳೆದು ಮೊಟ್ಟೆ ಇಡುವ ವಯಸ್ಸಿಗೆ ಬಂದ ಮೀನು! ಹೆಸರು ಪೀಡೋಸಿಪ್ರಿಸ್. 2006ರಲ್ಲಿ ಇದರ ವಿವರ ಮೊದಲ ಸಲ ಪ್ರಕಟವಾದಾಗ, ಅಳೆದ ಹೆಣ್ಣು ಮೀನುಗಳಲ್ಲಿ ಒಂದರ ಉದ್ದ ಬರೀ 7.9 ಮಿಲಿಮೀಟರ್. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲೇ ಅತಿ ಚಿಕ್ಕವುಗಳ ಸಾಲಿಗೆ ಅದು ಸೇರಿತು.

ಈ ಮೀನಿನ ಮನೆ ಇಂಡೋನೇಷ್ಯಾದ ಸುಮಾತ್ರ ದ್ವೀಪದ ಜೌಗು ಕಾಡು. ಅಲ್ಲಿನ ನೀರು ಕಡುಗಂದು ಬಣ್ಣದ್ದು. ನೀಲಿ ಲಿಟ್ಮಸ್ ಕಾಗದ ಅದ್ದಿದರೆ ಕೆಂಪಾಗಿಬಿಡುತ್ತದೆ, ಅಷ್ಟು ಆಮ್ಲೀಯ. ಆ ಹುಳಿ ನೀರಿನಲ್ಲಿ ಮೀನು ಬದುಕುವುದೇ ದೊಡ್ಡ ಸಂಗತಿ ಅಂದುಕೊಂಡಿದ್ದವರಿಗೆ, ಇಲ್ಲೇ ಹುಟ್ಟಿ ಇಲ್ಲೇ ಸಾಯುವ ಎಷ್ಟೋ ಬಗೆಯ ಮೀನುಗಳು ಸಿಕ್ಕವು.

ನೀರಿಗೆ ಆ ಬಣ್ಣ, ಆ ಹುಳಿ ಎಲ್ಲಿಂದ ಬಂತು? ಎಲೆಗಳಿಂದ. ಕೊಂಬೆಗಳಿಂದ, ಬೇರುಗಳಿಂದ, ಬಿದ್ದ ಮರಗಳಿಂದ. ನಮ್ಮ ಕಾಡಿನಲ್ಲೂ ಎಲೆ ಬೀಳುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಶಿಲೀಂಧ್ರಗಳು, ಬ್ಯಾಕ್ಟೀರಿಯಾಗಳು, ಗೆದ್ದಲು, ಎರೆಹುಳು ಎಲ್ಲ ಸೇರಿ ಅದನ್ನು ತಿಂದು ಮುಗಿಸುತ್ತವೆ. ಎಲೆಯಲ್ಲಿದ್ದ ಇಂಗಾಲದ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಮರಳುತ್ತದೆ. ಮರ ಗಾಳಿಯಿಂದ ಎರವಲು ತಂದ ಇಂಗಾಲ ಗಾಳಿಗೇ ವಾಪಸ್. ಲೆಕ್ಕ ಚುಕ್ತಾ.

ಜೌಗು ಕಾಡಿನಲ್ಲಿ ಮಾತ್ರ ಈ ಲೆಕ್ಕ ಚುಕ್ತಾ ಆಗುವುದಿಲ್ಲ. ಅಲ್ಲಿ ವರ್ಷದ ಬಹುಪಾಲು ನೆಲದ ಮಟ್ಟಕ್ಕೇ ನೀರು ನಿಂತಿರುತ್ತದೆ. ಎಲೆ ಬಿದ್ದದ್ದು ನೀರಿಗೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹಸಿವಿದೆ, ಎದುರಿಗೆ ಊಟವೂ ಇದೆ, ಆದರೆ ಉಸಿರಾಡಲು ಆಕ್ಸಿಜನ್ ಇಲ್ಲ. ನಿಂತ ನೀರಿನೊಳಗೆ ಆಕ್ಸಿಜನ್ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲು. ಸಾಲದ್ದಕ್ಕೆ ನೀರು ಬೇರೆ ಹುಳಿ. ಹೀಗಾಗಿ ಎಲೆ, ತೊಗಟೆ, ಬೇರು ಎಲ್ಲ ಅರ್ಧಂಬರ್ಧ ಕೊಳೆತು ಹಾಗೇ ಉಳಿಯುತ್ತವೆ. ಮುಂದಿನ ವರ್ಷದ ಎಲೆ ಅದರ ಮೇಲೆ, ಅದರ ಮುಂದಿನ ವರ್ಷದ್ದು ಅದರ ಮೇಲೆ. ಹೀಗೆ ಒಟ್ಟಾದ ಕಂದು ಬಣ್ಣದ, ನಾರು ನಾರಾದ, ನೀರು ಕುಡಿದ ನೆಲಕ್ಕೆ ಪೀಟ್ ಎನ್ನುತ್ತಾರೆ. ಇಂಡೋನೇಷ್ಯಾದವರು ಕರೆಯುವುದು ಗಂಬುತ್ ಎಂದು.

ಉಪ್ಪಿನಕಾಯಿ ಭರಣಿ ನೋಡಿದ್ದೀರಲ್ಲ? ಮಾವಿನ ಮಿಡಿ ರಸದಲ್ಲಿ ಪೂರ್ತಿ ಮುಳುಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ರಸ ಕಡಿಮೆಯಾಗಿ ಮೇಲಿನ ನಾಲ್ಕು ಮಿಡಿ ಹೊರಗೆ ಇಣುಕಿದವೋ, ಬೂಷ್ಟು ಹಿಡಿಯುವುದು ಮೊದಲು ಅವಕ್ಕೇ. ಪೀಟ್ ನೆಲದ ಕಥೆಯೂ ಇದೇ. ಮುಳುಗಿದ್ದು ಉಳಿಯುತ್ತದೆ, ಹೊರಗೆ ಬಂದದ್ದು ಕೆಡುತ್ತದೆ. ನಿಮ್ಮ ಮನೆಯ ತಾರಸಿಯ ಕುಂಡಗಳಿಗೆ ಹಾಕುವ ಕೋಕೋಪೀಟ್ ಇದೇನಾ ಎಂದು ಯಾರೋ ಕೇಳಲು ಬಾಯಿ ತೆರೆದಂತಿದೆ. ಅಲ್ಲ. ಅದು ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಜೌಗಿನಿಂದ ಅಗೆದು ತರುವ ಪೀಟ್‌ನ ಬದಲಿಗೆ ಅದನ್ನು ಬಳಸುತ್ತಾರೆ, ಒಳ್ಳೆಯದೇ.

ಈಗ ಸ್ಕೇಲಿಗೆ ಮತ್ತೆ ಕೆಲಸ. ಅಲ್ಲಿ ಅತಿ ಚಿಕ್ಕ ಗೆರೆಯಿಂದ ಗೆರೆಗೆ ಒಂದು ಮಿಲಿಮೀಟರ್. ಪೀಟ್ ವರ್ಷಕ್ಕೆ ಅಷ್ಟು ದಪ್ಪ ಬೆಳೆದರೆ ಚೆನ್ನಾಗಿ ಬೆಳೆಯಿತು ಎಂದೇ ಅರ್ಥ. ಎರಡು ಮಿಲಿಮೀಟರ್ ಬೆಳೆದರೆ ಭಾರೀ ವೇಗ. ವರ್ಷಕ್ಕೆ ಒಂದರಂತೆ ಹಿಡಿದರೆ ನಿಮ್ಮ ಹದಿನೈದು ಸೆಂಟಿಮೀಟರಿನ ಸ್ಕೇಲ್ ಮುಳುಗುವಷ್ಟು ಪೀಟ್ ಕೂಡಲು ನೂರೈವತ್ತು ವರ್ಷ ಬೇಕು. ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗಕ್ಕೆ ಕಾಲಿಮಂತಾನ್ ಎಂದು ಹೆಸರು. ಅದರ ಮಧ್ಯ ಪ್ರಾಂತ್ಯದಲ್ಲಿ ಸೆಬಂಗಾವು ಎಂಬ ನದಿ ಹರಿಯುತ್ತದೆ. ಆ ಪ್ರದೇಶದಲ್ಲಿ ಕೊರೆದು ತೆಗೆದ ಪೀಟ್‌ನ ತಳದ ವಯಸ್ಸು ಸುಮಾರು 26,000 ವರ್ಷ ಎಂದು ತಿಳಿದುಬಂತು. ಆಗ ಭೂಮಿಯ ಮೇಲೆ ಹಿಮಯುಗ ನಡೆಯುತ್ತಿತ್ತು. ಕೃಷಿ ಇನ್ನೂ ಹುಟ್ಟಿರಲಿಲ್ಲ.

ಇಷ್ಟು ನಿಧಾನವಾಗಿ ಕೂಡಿದ್ದು ಎಷ್ಟಾಗಿದೆ ಎಂಬ ಲೆಕ್ಕವನ್ನು ನೀವೇ ಮಾಡಬಹುದು. ಒಂದು ಘನ ಮೀಟರ್ ಪೀಟ್ ತೆಗೆದು, ಹಿಂಡಿ, ಒಣಗಿಸಿದರೆ ಸಿಗುವುದು ಸುಮಾರು ನೂರು ಕಿಲೋ. ಉಳಿದದ್ದು ಬಹುತೇಕ ನೀರೇ. ಆ ನೂರು ಕಿಲೋದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಂಗಾಲ. ಐವತ್ತೈದು ಕಿಲೋ ಅನ್ನೋಣ. ಕಾಲಿಮಂತಾನ್‌ನಲ್ಲಿ ಹತ್ತು ಮೀಟರ್ ದಪ್ಪದ ಪೀಟ್ ಅಪರೂಪವೇನಲ್ಲ. ಒಂದು ಹೆಕ್ಟೇರ್ ಎಂದರೆ ಹತ್ತು ಸಾವಿರ ಚದರ ಮೀಟರ್. ಗುಣಿಸಿ ನೋಡಿ: ಒಂದು ಹೆಕ್ಟೇರಿನ ಕೆಳಗೆ 5,500 ಟನ್ ಇಂಗಾಲ! ಅದೇ ಒಂದು ಹೆಕ್ಟೇರಿನ ಮೇಲೆ ಎದ್ದುನಿಂತ ಮಳೆಕಾಡಿನ ಮರಗಳಲ್ಲೆಲ್ಲ ಸೇರಿ ಇರುವುದು ಸುಮಾರು ಇನ್ನೂರು ಟನ್. ನಾವು ಕತ್ತೆತ್ತಿ ಬೆರಗಿನಿಂದ ನೋಡುವುದು ಆ ಇನ್ನೂರನ್ನು. ಅದರ ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು ಇರುವುದು ಕಾಲಿನ ಕೆಳಗೆ.

ಅಂಥ ಮೆತ್ತನೆಯ, ಉಸಿರುಗಟ್ಟುವ ನೆಲದಲ್ಲಿ ಮರಗಳು ಹೇಗೆ ನಿಂತಿವೆ? ಬೇರಿಗೂ ಆಕ್ಸಿಜನ್ ಬೇಕಲ್ಲ! ಅದಕ್ಕೇ ಅಲ್ಲಿನ ಎಷ್ಟೋ ಮರಗಳು ಬೇರುಗಳನ್ನು ನೀರಿನಿಂದ ಮೇಲಕ್ಕೆ ಎತ್ತಿ ಗಾಳಿ ಎಳೆದುಕೊಳ್ಳುತ್ತವೆ. ಕೆಲವು ಮೊಣಕಾಲು ಮಡಚಿದ ಹಾಗೆ, ಕೆಲವು ಊರುಗೋಲು ನೆಟ್ಟ ಹಾಗೆ. ಇದನ್ನು ನೋಡಲು ಬೋರ್ನಿಯೊಗೇ ಹೋಗಬೇಕಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಅಲ್ಲಿಯೂ ನೀರು ನಿಂತ ನೆಲದಲ್ಲಿ ಮರಗಳು ಮಂಡಿ ಬೇರು ಎತ್ತಿ ನಿಂತಿರುತ್ತವೆ. ನಮ್ಮ ಜಡ್ಡಿಗಳ ಕೆಳಗೆ ಹತ್ತು ಮೀಟರ್ ಪೀಟ್ ಇಲ್ಲ, ಆದರೆ ನೀರಿನ ಜೊತೆ ಬದುಕುವ ಉಪಾಯ ಒಂದೇ. ಸೆಬಂಗಾವು ಕಾಡಿನಲ್ಲಿ ಆ ಮರಗಳ ಮೇಲೆ ಒರಾಂಗುಟಾನ್‌ಗಳು ಸಾವಿರಾರು ಇವೆ. ನೆಲಕ್ಕೆ ಇಳಿಯುವ ಅಗತ್ಯ ಅವಕ್ಕೆ ಅಷ್ಟಾಗಿ ಬೀಳುವುದಿಲ್ಲ.

ಪೀಟ್ ನೆಲಕ್ಕೆ ಇನ್ನೊಂದು ಗುಣವಿದೆ. ನೋಡಲು ಸಮತಟ್ಟು ಎನಿಸಿದರೂ ಎರಡು ನದಿಗಳ ನಡುವಿನ ಪೀಟ್ ಮಧ್ಯದಲ್ಲಿ ಸ್ವಲ್ಪ ಉಬ್ಬಿರುತ್ತದೆ. ಕಿಲೋಮೀಟರುಗಟ್ಟಲೆ ನಡೆದರೂ ಕಾಲಿಗೆ ಗೊತ್ತಾಗದಷ್ಟು ಸಣ್ಣ ಏರು. ನದಿಯ ನೀರು ಆ ಉಬ್ಬನ್ನು ಹತ್ತುವುದಿಲ್ಲ. ಅಲ್ಲಿರುವುದೆಲ್ಲ ಮಳೆಯ ನೀರು. ಬಿದ್ದ ಮಳೆಯನ್ನು ನಾರಿನ ನಡುವೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದೇ ಈ ನೆಲದ ಕೆಲಸ. ಈ ಮಾತು ನೆನಪಿರಲಿ, ಏಕೆಂದರೆ ಮುಂದಿನ ತಪ್ಪೆಲ್ಲ ಇದನ್ನು ಮರೆತದ್ದರಿಂದಲೇ ಆಯಿತು.

1984ರಲ್ಲಿ ಇಂಡೋನೇಷ್ಯಾ ತನಗೆ ಬೇಕಾದ ಅಕ್ಕಿಯನ್ನು ತಾನೇ ಬೆಳೆದುಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಮತ್ತೆ ಹೊರಗಿನಿಂದ ತರಿಸುವ ಹಾಗಾಯಿತು. ಜಾವಾ ದ್ವೀಪದಲ್ಲಿ ಗದ್ದೆಗಳು ಊರು, ಕಾರ್ಖಾನೆಗಳ ಕೆಳಗೆ ಮರೆಯಾಗುತ್ತಿದ್ದವು. ಆಗಿನ ಅಧ್ಯಕ್ಷ ಸುಹಾರ್ತೊ ಅವರ ಕಣ್ಣು ಮಧ್ಯ ಕಾಲಿಮಂತಾನ್‌ನ ಜೌಗಿನ ಮೇಲೆ ಬಿತ್ತು. ಖಾಲಿ ಬಿದ್ದಿದೆ, ನೀರೂ ಇದೆ, ಭತ್ತ ಬೆಳೆಯೋಣ! 1995ರ ಕೊನೆಯಲ್ಲಿ ಆದೇಶ ಹೊರಟಿತು. ಸುಮಾರು ಹತ್ತು ಲಕ್ಷ ಹೆಕ್ಟೇರಿನ ಯೋಜನೆ. ಕಾಡು ಕಡಿದರು. ಕಾಲುವೆ ತೋಡಿದರು, ಎಲ್ಲ ಸೇರಿ 4,000 ಕಿಲೋಮೀಟರಿಗಿಂತ ಹೆಚ್ಚು. ಜಾವಾದಿಂದ, ಬೇರೆ ಕಡೆಗಳಿಂದ ಸಾವಿರಾರು ಸಂಸಾರಗಳನ್ನು ತಂದು ಇಳಿಸಿದರು.

ಕಾಲುವೆಗಳು ಸೆಬಂಗಾವು, ಕಹಾಯನ್, ಕಪುವಾಸ್, ಬರಿತೊ ನದಿಗಳ ನಡುವಿನ ಉಬ್ಬುಗಳನ್ನು ಸೀಳಿಕೊಂಡು ಹೋದವು. ನಡುವೆ ಎತ್ತರ, ಅಂಚಿನಲ್ಲಿ ತಗ್ಗು ಇರುವ ನೆಲಕ್ಕೆ ಕಾಲುವೆ ತೋಡಿದರೆ ನೀರು ಯಾವ ಕಡೆ ಹೋದೀತು? ಗದ್ದೆಗೆ ನೀರು ತರಬೇಕಾದ ಕಾಲುವೆಗಳೇ ನೆಲದ ನೀರನ್ನು ಬಸಿದು ನದಿಗೆ ಒಯ್ದವು. ಮಳೆಗಾಲದಲ್ಲಿ ತಗ್ಗುಗಳಲ್ಲಿ ಪ್ರವಾಹ, ಬೇಸಿಗೆಯಲ್ಲಿ ಎಲ್ಲೆಡೆ ಒಣ ನೆಲ. ಕೆಲವೆಡೆ ಪೀಟ್‌ನ ಕೆಳಗಿನ ಜೇಡಿಯಲ್ಲಿ ಪೈರೈಟ್ ಎಂಬ ಗಂಧಕದ ಖನಿಜವಿತ್ತು. ಗಾಳಿ ತಾಗಿದ್ದೇ ಅದರಿಂದ ಸಲ್ಫ್ಯೂರಿಕ್ ಆಮ್ಲ ಹುಟ್ಟಿತು. ಮೊದಲೇ ಹುಳಿ ನೆಲ, ಮೊದಲೇ ಪೋಷಕಾಂಶ ಇಲ್ಲದ ನೆಲ, ಈಗ ಇದೂ ಸೇರಿತು. ಅಲ್ಲಿ ಭತ್ತ ಬೆಳೆದದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮೂರು ನಾಲ್ಕು ವರ್ಷದೊಳಗೆ ಸರ್ಕಾರವೇ ಯೋಜನೆಯನ್ನು ಕೈಬಿಟ್ಟಿತು. ಕಾಲುವೆಗಳು ಮಾತ್ರ ಹಾಗೇ ತೆರೆದುಕೊಂಡಿದ್ದವು. ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಬಸಿಯುತ್ತಲೇ ಇದ್ದವು.

ನೀರಿನ ಮಟ್ಟ ಇಳಿದರೆ ಏನಾಗುತ್ತದೆ ಎಂದು ಈಗ ನೀವೇ ಹೇಳಬಲ್ಲಿರಿ. ಭರಣಿಯ ಮೇಲಿನ ಮಿಡಿಗಳು! ನೀರು ಒಂದು ಮೀಟರ್ ಕೆಳಗಿಳಿದರೆ ಅಷ್ಟೂ ಪೀಟ್‌ನೊಳಗೆ ಗಾಳಿ ನುಗ್ಗುತ್ತದೆ. ಸಾವಿರಾರು ವರ್ಷ ಹಸಿದು ಕಾದಿದ್ದ ಸೂಕ್ಷ್ಮಜೀವಿಗಳಿಗೆ ಉಸಿರು ಬರುತ್ತದೆ. ಊಟ ಶುರು. ಹನ್ನೆರಡು ಗ್ರಾಂ ಇಂಗಾಲ ಮೂವತ್ತೆರಡು ಗ್ರಾಂ ಆಕ್ಸಿಜನ್ ಜೊತೆ ಸೇರಿ ನಲವತ್ತನಾಲ್ಕು ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಎಂಟನೆಯ ತರಗತಿ ದಾಟಿದವರಿಗೆ ಇದು ಹೊಸದಲ್ಲ. ಅಂದರೆ ಒಂದು ಟನ್ ಇಂಗಾಲ ಕೊಳೆತರೆ ಗಾಳಿಗೆ ಸೇರುವುದು ಮೂರೂ ಮುಕ್ಕಾಲು ಟನ್ನಿಗೆ ಹತ್ತಿರ.

ಬೆಂಕಿಯಿಲ್ಲ, ಹೊಗೆಯಿಲ್ಲ, ವಾಸನೆಯೂ ಇಲ್ಲ. ಆದರೆ ನಡೆಯುತ್ತಿರುವುದು ಬೆಂಕಿ ಮಾಡುವ ಕೆಲಸವೇ, ನಿಧಾನವಾಗಿ ಅಷ್ಟೆ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದ ಭಾಗ ಇದೇ. ಬೆಂಕಿ ಹತ್ತಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ವಿಮಾನಗಳು ನೀರು ಸುರಿಯುತ್ತವೆ, ಮಂತ್ರಿಗಳು ಬಂದು ಹೋಗುತ್ತಾರೆ. ನೆಲ ಸುಮ್ಮನೆ ಕರಗುತ್ತಿದ್ದರೆ ಯಾರು ಬರುತ್ತಾರೆ?

ಕಣ್ಣಿಗೆ ಕಾಣದ್ದನ್ನು ಅಳೆಯಲು ವಿಜ್ಞಾನಿಗಳು ಎರಡು ಮೂರು ದಾರಿ ಹಿಡಿದಿದ್ದಾರೆ. ನೆಲದ ಮೇಲೆ ಡಬ್ಬಿ ಬೋರಲು ಹಾಕಿ, ಒಳಗೆ ಎಷ್ಟು ಬೇಗ ಕಾರ್ಬನ್ ಡೈಆಕ್ಸೈಡ್ ಕೂಡುತ್ತದೆ ಎಂದು ನೋಡುವುದು ಒಂದು. ಕಾಡಿನಿಂದಲೂ ಎತ್ತರದ ಗೋಪುರ ಕಟ್ಟಿ, ಏರಿ ಇಳಿಯುವ ಗಾಳಿಯಲ್ಲಿರುವ ಅನಿಲವನ್ನು ಹಗಲೂ ರಾತ್ರಿ ಅಳೆಯುವುದು ಇನ್ನೊಂದು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ತಕಾಶಿ ಹಿರಾನೊ ಮತ್ತು ಅವರ ಜೊತೆಯವರು ಮಧ್ಯ ಕಾಲಿಮಂತಾನ್‌ನ ಪಲಂಕರಾಯ ಎಂಬ ಊರಿನ ಹತ್ತಿರ ಇಂಥ ಗೋಪುರಗಳನ್ನು ನಿಲ್ಲಿಸಿ ವರ್ಷಗಟ್ಟಲೆ ಲೆಕ್ಕ ಇಟ್ಟರು. ನೀರು ಬಸಿಯದ ಕಾಡು, ನೀರು ಬಸಿದ ಕಾಡು, ಸುಟ್ಟುಹೋದ ಜಾಗ ಮೂರನ್ನೂ ಹೋಲಿಸಿದರು. ನೀರು ಕೆಳಗಿಳಿದಷ್ಟೂ ನೆಲ ಇಂಗಾಲ ಕಳೆದುಕೊಳ್ಳುವುದು ಹೆಚ್ಚು.

ಮೂರನೆಯ ದಾರಿಗೆ ಕೋಲೊಂದು ಸಾಕು. ಪೀಟ್ ದಾಟಿ ಕೆಳಗಿನ ಗಟ್ಟಿ ಜೇಡಿಗೆ ನಾಟುವ ಹಾಗೆ ಉದ್ದನೆಯ ಕಂಬ ಇಳಿಸಿ, ನೆಲದ ಮಟ್ಟಕ್ಕೆ ಗುರುತು ಹಾಕಿಬಿಡುವುದು. ವರ್ಷ ಬಿಟ್ಟು ಬಂದರೆ ಗುರುತು ನೆಲದಿಂದ ಮೇಲೆ ನಿಂತಿರುತ್ತದೆ. ಕಂಬ ಬೆಳೆದಿಲ್ಲ, ನೆಲ ಇಳಿದಿದೆ! ಇಂಗ್ಲೆಂಡಿನ ಹೋಮ್ ಫೆನ್ ಎಂಬ ಜೌಗಿನಲ್ಲಿ 1851ರಲ್ಲಿ ಹೀಗೇ ಒಂದು ಎರಕದ ಕಬ್ಬಿಣದ ಕಂಬ ನೆಟ್ಟಿದ್ದರು. ಅದರ ತುದಿ ನೆಲಕ್ಕೆ ಸಮವಾಗಿತ್ತು. ಈಗ ಅದು ನಾಲ್ಕು ಮೀಟರ್ ಹೊರಗಿದೆ, ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಚಳಿ ದೇಶ, ಕೊಳೆಯುವುದು ನಿಧಾನ. ಸುಮಾತ್ರದಂಥ ಬಿಸಿ ನಾಡಿನಲ್ಲಿ ಕಾಲುವೆ ತೋಡಿದ ಮೊದಲ ಐದು ವರ್ಷದಲ್ಲೇ ನೆಲ ಸರಾಸರಿ ಒಂದೂವರೆ ಮೀಟರಿಗೆ ಹತ್ತಿರ ಇಳಿದದ್ದಿದೆ. ಅದರಲ್ಲಿ ನೀರು ಹೋಗಿ ನೆಲ ಕುಗ್ಗಿದ್ದೂ ಒಂದು ಪಾಲು. ಆಮೇಲೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಇಳಿಯುತ್ತಲೇ ಇರುತ್ತದೆ, ಇದು ಬಹುಪಾಲು ಕೊಳೆತು ಹೋದದ್ದೇ.

ಸ್ಕೇಲಿನಲ್ಲಿ ಐದು ಸೆಂಟಿಮೀಟರ್ ನೋಡಿ. ಐವತ್ತು ಮಿಲಿಮೀಟರ್. ವರ್ಷಕ್ಕೆ ಒಂದು ಮಿಲಿಮೀಟರಿನಂತೆ ಐವತ್ತು ವರ್ಷ ಕೂಡಿಟ್ಟದ್ದು ಒಂದೇ ವರ್ಷದಲ್ಲಿ ಖರ್ಚು. ಪೀಟ್ ನೆಲದ ತೋಟಗಳಲ್ಲಿ ತಾಳೆ ಮರಗಳು ಅಡ್ಡಾದಿಡ್ಡಿ ವಾಲಿರುವುದನ್ನು ಕಾಣಬಹುದು. ಬೇರು ಹಿಡಿದುಕೊಂಡಿದ್ದ ನೆಲವೇ ಕೆಳಗಿಳಿದರೆ ಮರವಾದರೂ ಏನು ಮಾಡೀತು?

ತಾಳೆ ಎಂದೆ. ನಮ್ಮ ತಾಟಿನಿಂಗಿನ ತಾಳೆಯಲ್ಲ, ಪಾಮ್ ಎಣ್ಣೆ ಕೊಡುವ ಎಣ್ಣೆ ತಾಳೆ. ಭತ್ತದ ಯೋಜನೆ ಬಿದ್ದುಹೋದರೂ ಸುಮಾತ್ರ, ಬೋರ್ನಿಯೊಗಳ ಪೀಟ್ ನೆಲಕ್ಕೆ ಕಾಲುವೆ ತೋಡುವುದು ನಿಲ್ಲಲಿಲ್ಲ. ಎಣ್ಣೆ ತಾಳೆಗೆ, ಕಾಗದ ಮಾಡುವ ಅಕೇಶಿಯಾ ಮರಕ್ಕೆ ತೋಡಿದರು. ಇಂಥ ತಾಳೆ ತೋಟದ ಪೀಟ್ ನೆಲ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 40 ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆಂದು ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ ಲೆಕ್ಕ ಕೊಟ್ಟಿದೆ. ನಮ್ಮ ರೂಢಿಯ ಎಕರೆಗೆ ಇಳಿಸಿದರೆ 16 ಟನ್. ಭಾರತದಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು ಎರಡು ಟನ್. ಅವರ ಬಸ್ಸು, ಬೈಕು, ಮನೆಯ ಕರೆಂಟು, ಸಿಮೆಂಟು ಎಲ್ಲ ಸೇರಿ. ಅಂದರೆ ಒಣಗಿಸಿದ ಪೀಟ್‌ನ ಒಂದೆಕರೆ ನಮ್ಮಂಥ ಎಂಟು ಜನರಿಗೆ ಸಮ. ಆ ಎಕರೆ ಏನೂ ಮಾಡುತ್ತಿಲ್ಲ, ಸುಮ್ಮನೆ ಬಿದ್ದುಕೊಂಡಿದೆ!

ಜಗತ್ತಿನಲ್ಲಿ ಪಾಮ್ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಬಿಸ್ಕತ್ತು, ಚಿಪ್ಸ್, ಸಾಬೂನು, ಶಾಂಪೂ ಯಾವುದರ ಹಿಂದಿನ ಸಣ್ಣ ಅಕ್ಷರ ಓದಿದರೂ ಒಂದಲ್ಲ ಒಂದು ಕಡೆ ಪಾಮ್ ಎಂದೋ ಪಾಮೊಲಿನ್ ಎಂದೋ ಸಿಗುತ್ತದೆ. ಹಾಗಂತ ಬಿಸ್ಕತ್ತು ತಿನ್ನುವವರೆಲ್ಲ ಅಪರಾಧಿಗಳಲ್ಲ, ತಾಳೆ ಮರವೂ ಅಲ್ಲ. ಒಂದು ಎಕರೆಗೆ ಅಷ್ಟು ಎಣ್ಣೆ ಕೊಡುವ ಬೆಳೆ ಬೇರೆ ಇಲ್ಲ. ಬಹಳಷ್ಟು ತಾಳೆ ತೋಟಗಳಿರುವುದು ಪೀಟ್ ಅಲ್ಲದ ಮಾಮೂಲಿ ಮಣ್ಣಿನಲ್ಲಿ. ತಪ್ಪು ಇರುವುದು ಮರದಲ್ಲಲ್ಲ, ಕಾಲುವೆಯಲ್ಲಿ.

ಇನ್ನು ಬೆಂಕಿಯ ಮಾತು. ಹಸಿ ಪೀಟ್‌ಗೆ ಬೆಂಕಿ ಹತ್ತುವುದಿಲ್ಲ. ಒಣಗಿದ ಪೀಟ್ ಸೌದೆಯೇ. ಐರ್ಲೆಂಡಿನಲ್ಲಿ ಜನ ತಲೆತಲಾಂತರದಿಂದ ಅದನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ ಒಲೆಗೆ ಹಾಕಿದ್ದಾರೆ. 1997ರಲ್ಲಿ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಕಾಣಿಸಿಕೊಂಡು ಇಂಡೋನೇಷ್ಯಾಕ್ಕೆ ಮಳೆ ಕೈಕೊಟ್ಟಿತು. ಅಷ್ಟರಲ್ಲಿ ಕಾಲುವೆಗಳು ಪೀಟನ್ನು ಒಣಗಿಸಿಟ್ಟಿದ್ದವು. ನೆಲ ಸ್ವಚ್ಛ ಮಾಡಲು ಹಚ್ಚಿದ ಬೆಂಕಿ ಒಳಗಿಳಿಯಿತು. ಪೀಟ್ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಕೆಂಡವಾಗಿ ಹೊಗೆಯಾಡುತ್ತ ಸಾಗುತ್ತದೆ. ಇಲ್ಲಿ ನೀರು ಹೊಯ್ದು ಆರಿಸಿ ನಿಟ್ಟುಸಿರು ಬಿಡುವಷ್ಟರಲ್ಲಿ ಅಲ್ಲಿ ಬೇರಿನ ಬುಡದಿಂದ ಹೊಗೆ ಏಳುತ್ತದೆ. ಮಳೆಯೊಂದೇ ಅದನ್ನು ಪೂರ್ತಿ ಆರಿಸಬಲ್ಲದು.

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸೂಸನ್ ಪೇಜ್ ಮತ್ತು ಸಂಗಡಿಗರು ಮಧ್ಯ ಕಾಲಿಮಂತಾನ್‌ನಲ್ಲಿ ಆ ವರ್ಷ ಸುಟ್ಟ ಪೀಟ್‌ನ ಆಳ ಅಳೆದರು. ಸರಾಸರಿ 51 ಸೆಂಟಿಮೀಟರ್. ನಿಮ್ಮ ಸ್ಕೇಲಿನಂಥ ಮೂರು ಸ್ಕೇಲನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅಷ್ಟಾಗುವುದಿಲ್ಲ. ಇಷ್ಟು ಕೂಡಲು ಎಷ್ಟು ವರ್ಷ ಬೇಕು? ವರ್ಷಕ್ಕೆ ಒಂದು ಮಿಲಿಮೀಟರ್ ಎಂದರೂ 510. ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದಾಗ ಬಿದ್ದ ಎಲೆಯಿಂದ ಹಿಡಿದು ಎಲ್ಲವೂ ಒಂದು ಬೇಸಿಗೆಯಲ್ಲಿ ಹೊಗೆಯಾಯಿತು. ಇಂಡೋನೇಷ್ಯಾದಾದ್ಯಂತ ಆ ವರ್ಷದ ಬೆಂಕಿಯಿಂದ ಗಾಳಿಗೆ ಸೇರಿದ ಇಂಗಾಲ 81 ಕೋಟಿ ಟನ್ನಿನಿಂದ 257 ಕೋಟಿ ಟನ್ನಿನ ನಡುವೆ ಇರಬೇಕೆಂದು ಅವರು 2002ರಲ್ಲಿ ಬರೆದರು. ಆಗ ಇಡೀ ಜಗತ್ತು ಒಂದು ವರ್ಷ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು, ಅನಿಲ ಉರಿಸಿ ಬಿಡುತ್ತಿದ್ದ ಇಂಗಾಲದಲ್ಲಿ ಇದು ಶೇಕಡ 13ರಿಂದ 40ರಷ್ಟು! ಇಷ್ಟು ಅಗಲದ ಅಂತರ ಏಕೆಂದರೆ, ಎಲ್ಲೆಲ್ಲಿ ಎಷ್ಟು ಆಳ ಸುಟ್ಟಿದೆ ಎಂದು ಪ್ರತಿ ಎಕರೆಗೂ ಹೋಗಿ ಅಳೆಯಲು ಯಾರಿಂದಲೂ ಆಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಒಂದೇ ಸಂಖ್ಯೆಯಲ್ಲಿ ಹೇಳಿಬಿಡುವುದಕ್ಕಿಂತ ಇದು ಪ್ರಾಮಾಣಿಕ.

2015ರಲ್ಲಿ ಎಲ್ ನಿನೊ ಮತ್ತೆ ಬಂತು. ಜೂನ್‌ನಿಂದ ಅಕ್ಟೋಬರ್‌ವರೆಗೆ 26 ಲಕ್ಷ ಹೆಕ್ಟೇರ್ ಸುಟ್ಟಿತು. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಪೀಟ್. ಪಲಂಕರಾಯದಲ್ಲಿ ಗಾಳಿ ಮಾಲಿನ್ಯದ ಸೂಚ್ಯಂಕ ಮುನ್ನೂರು ದಾಟಿದರೇ ಅಪಾಯ ಎನ್ನುವ ಲೆಕ್ಕದಲ್ಲಿ ಸಾವಿರವನ್ನೂ ದಾಟಿ ಹೋಯಿತು. ಹಳದಿ ಬಣ್ಣದ ಹೊಗೆ, ಎದುರಿನ ಮನೆ ಕಾಣದು. ಶಾಲೆಗಳು ವಾರಗಟ್ಟಲೆ ಮುಚ್ಚಿದವು. ರಜೆ ಎಂದು ಕುಣಿಯಬೇಡಿ, ಹೊರಗೆ ಆಡಲೂ ಆಗುತ್ತಿರಲಿಲ್ಲ. ಹೊಗೆ ಕಡಲು ದಾಟಿ ಸಿಂಗಪುರ, ಮಲೇಷ್ಯಾದ ಮಕ್ಕಳ ಶಾಲೆಗಳನ್ನೂ ಮುಚ್ಚಿಸಿತು. ಆ ಹೊತ್ತಿನ ಕೆಲವು ದಿನ ಇಂಡೋನೇಷ್ಯಾದ ಬೆಂಕಿಯಿಂದ ಬಂದ ಅನಿಲ, ಅಮೆರಿಕದಂಥ ದೇಶ ತನ್ನ ಎಲ್ಲ ಕಾರು, ಕಾರ್ಖಾನೆಗಳಿಂದ ದಿನಕ್ಕೆ ಬಿಡುವುದನ್ನೂ ಮೀರಿಸಿತ್ತು.

ಪೀಟ್ ಕಳೆದುಹೋದರೆ ಇಂಗಾಲವಷ್ಟೇ ಹೋಗುವುದಿಲ್ಲ, ಹಳೆಯ ದಾಖಲೆಯೂ ಹೋಗುತ್ತದೆ. ಪದರ ಪದರವಾಗಿ ಕೂಡಿದ ಪೀಟ್‌ನಲ್ಲಿ ಯಾವ ಕಾಲದಲ್ಲಿ ಯಾವ ಗಿಡ ಇತ್ತು, ಮಳೆ ಹೆಚ್ಚಿತ್ತೋ ಕಡಿಮೆಯೋ ಎಂಬ ಸುಳಿವು ಇರುತ್ತದೆ. ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಮೇಲೂ ಸ್ವಲ್ಪ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಹೌದು, ಆನೆಗಳ ಅಧ್ಯಯನಕ್ಕೆ ಹೆಸರಾದವರೇ, ತಮ್ಮ ಸಂಗಡಿಗರೊಂದಿಗೆ ಆ ಪೀಟ್‌ನಲ್ಲಿರುವ ಇಂಗಾಲದ ಬಗೆಗಳನ್ನು ಅಳೆದು, ದಕ್ಷಿಣ ಭಾರತದ ಮುಂಗಾರು ಹಿಮಯುಗದಿಂದ ಈಚೆಗೆ ಹೇಗೆ ಏರಿಳಿದಿದೆ ಎಂದು 1993ರಲ್ಲಿ ತೋರಿಸಿದರು. ಹುಲ್ಲುಗಾವಲು ಹಿಗ್ಗಿದ್ದು, ಕಾಡು ಕುಗ್ಗಿದ್ದು ಎಲ್ಲ ಆ ಕಪ್ಪು ಮಣ್ಣಿನಲ್ಲಿತ್ತು.

ಎಲ್ಲ ಕಡೆಯೂ ಕಾಲುವೆ ತೋಡಿಲ್ಲ ಎಂಬುದು ಸಮಾಧಾನದ ಸಂಗತಿ. ಆಫ್ರಿಕಾದ ಕಾಂಗೊ ನದಿಯ ನಡುನಾಡಿನಲ್ಲಿ ಭಾರೀ ಪೀಟ್ ಇದೆ ಎಂದು ಖಚಿತವಾದದ್ದೇ 2017ರಲ್ಲಿ. ಗ್ರೆಟಾ ಡಾರ್ಗಿ, ಸೈಮನ್ ಲೂಯಿಸ್ ಮತ್ತು ಕಾಂಗೊದ ವಿಜ್ಞಾನಿಗಳು ಜೌಗಿನಲ್ಲಿ ವಾರಗಟ್ಟಲೆ ನಡೆದು, ಕೊರೆದು ನಕ್ಷೆ ಬರೆದರು. ಅಂದಿನ ಲೆಕ್ಕದಲ್ಲಿ ವಿಸ್ತಾರ 1,45,500 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮುಕ್ಕಾಲು ಪಾಲು. ಇಂಗಾಲ ಸುಮಾರು 3,000 ಕೋಟಿ ಟನ್. ಅದರ ಹೆಚ್ಚಿನ ಭಾಗ ಇವತ್ತಿಗೂ ಒದ್ದೆಯಾಗಿಯೇ ಇದೆ. ಜಗತ್ತಿನಾದ್ಯಂತ ಒಣಗಿಸಿದ ಪೀಟ್ ನೆಲ ಎಲ್ಲ ಸೇರಿಸಿದರೂ ಭೂಮಿಯ ನೆಲದಲ್ಲಿ ಶೇಕಡ ಅರ್ಧದಷ್ಟೂ ಆಗುವುದಿಲ್ಲ. ಮನುಷ್ಯರಿಂದ ಗಾಳಿ ಸೇರುವ ಹಸಿರುಮನೆ ಅನಿಲಗಳಲ್ಲಿ ಅದರ ಪಾಲು ಮಾತ್ರ ಶೇಕಡ 4ರಷ್ಟು.

ಹಾಗಾದರೆ ಮಾಡುವುದೇನು? ನೀರು ಹೋಗಿದ್ದರಿಂದ ಕೆಟ್ಟದ್ದಕ್ಕೆ ನೀರನ್ನೇ ವಾಪಸ್ ಕೊಡಬೇಕು. ಕಾಲುವೆ ಮುಚ್ಚಬೇಕು. ಪಲಂಕರಾಯ ವಿಶ್ವವಿದ್ಯಾಲಯದ ಸುವಿಡೊ ಲಿಮಿನ್ ಆ ನಾಡಿನವರೇ. ಹಳ್ಳಿಯ ಜನರ ಜೊತೆ ಸೇರಿ ಬೆಂಕಿ ಆರಿಸುವ ತಂಡ ಕಟ್ಟಿದರು, ಕಾಲುವೆಗೆ ಅಡ್ಡಗಟ್ಟೆ ಹಾಕುವುದನ್ನು ಮಾಡಿ ತೋರಿಸಿದರು. 2016ರ ಆರಂಭದಲ್ಲಿ ಆಗಿನ ಅಧ್ಯಕ್ಷ ಜೋಕೊ ವಿಡೊಡೊ ಪೀಟ್ ನೆಲ ಸರಿಪಡಿಸಲೆಂದೇ ಬೇರೆ ಸಂಸ್ಥೆ ಸ್ಥಾಪಿಸಿದರು. ಇಪ್ಪತ್ತು ಲಕ್ಷ ಹೆಕ್ಟೇರಿನ ಗುರಿ. ಪೀಟ್‌ನಲ್ಲಿ ನೀರಿನ ಮಟ್ಟ ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗೆ ಹೋಗಕೂಡದು ಎಂದು ಅಲ್ಲಿನ ಕಾನೂನು ಹೇಳುತ್ತದೆ. 40 ಸೆಂಟಿಮೀಟರ್ ಒಣಗಿದರೂ ಆ 40 ಸೆಂಟಿಮೀಟರ್ ಕೊಳೆಯುತ್ತದಲ್ಲ, ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆ. ವಿಜ್ಞಾನಿಗಳೂ ಅದನ್ನೇ ಕೇಳುತ್ತಾರೆ. ನೀರು ಪ್ರತಿ ಹತ್ತು ಸೆಂಟಿಮೀಟರ್ ಮೇಲೆ ಬಂದರೂ ಗಾಳಿಗೆ ಹೋಗುವ ಇಂಗಾಲ ಅಷ್ಟು ಕಡಿಮೆ. ಒದ್ದೆ ನೆಲದಲ್ಲಿ ಮೀಥೇನ್ ಎಂಬ ಇನ್ನೊಂದು ಅನಿಲ ಹುಟ್ಟುತ್ತದೆ, ನಿಜ. ಒಣ ನೆಲ ಮಾಡುವ ಹಾನಿಯ ಎದುರು ಅದು ಸಣ್ಣದು.

ಅಲ್ಲಿಯ ಜನ ಹೊಟ್ಟೆಗೆ ಏನು ಬೆಳೆದುಕೊಳ್ಳಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಒದ್ದೆಯಲ್ಲೇ ಬೆಳೆಯುವ ಸಾಗೊ ತಾಳೆ ಇದೆ, ಅದರ ಕಾಂಡದಿಂದ ಹಿಟ್ಟು ಬರುತ್ತದೆ. ಅಂಟು ಹಾಲು ಸುರಿಸುವ ಜೆಲುತುಂಗ್ ಮರವಿದೆ, ಚಾಪೆ ಬುಟ್ಟಿ ಹೆಣೆಯುವ ಪುರುನ್ ಎಂಬ ಜೌಗು ಹುಲ್ಲಿದೆ, ಮೀನಿದೆ. ಎಣ್ಣೆ ತಾಳೆಯಷ್ಟು ದುಡ್ಡು ಇವುಗಳಿಂದ ಬರುವುದು ಕಷ್ಟ, ಸುಳ್ಳು ಹೇಳಬಾರದು.

ಇನ್ನು ಕಾಲುವೆಗೆ ಹಾಕುವ ಅಡ್ಡಗಟ್ಟೆಯೆಂದರೆ ನಮ್ಮ ಕಡೆಯ ಕಾಂಕ್ರೀಟು ಅಣೆಕಟ್ಟಲ್ಲ. ಎರಡು ಸಾಲು ಮರದ ದಿಮ್ಮಿ ನೆಟ್ಟು, ನಡುವೆ ಮಣ್ಣು ತುಂಬಿದ ಚೀಲ ಒಟ್ಟಿ ಮಾಡಿದ್ದು. ಮೆತ್ತನೆಯ ನೆಲದಲ್ಲಿ ಭಾರದ್ದು ಕಟ್ಟಿದರೆ ತಾನೇ ಕುಸಿದುಹೋಗುತ್ತದೆ. ಒಂದು ಗಟ್ಟೆ ಒತ್ತಡ ತಡೆಯದು ಎಂದು ಒಂದೇ ಕಾಲುವೆಗೆ ಮೆಟ್ಟಿಲು ಮೆಟ್ಟಿಲಾಗಿ ಹಲವು ಕಟ್ಟುತ್ತಾರೆ. ಮೊದಮೊದಲು ಕಟ್ಟಿದ ಕೆಲವು ಗಟ್ಟೆಗಳು ರಾತ್ರೋರಾತ್ರಿ ಒಡೆದಿರುತ್ತಿದ್ದವು. ಪ್ರವಾಹದಿಂದಲ್ಲ, ಊರವರಿಂದ. ಏಕೆಂದರೆ ರಸ್ತೆಯಿಲ್ಲದ ಆ ನಾಡಿನಲ್ಲಿ ಕಾಲುವೆಯೇ ಅವರ ದಾರಿ. ಮೀನು ಹಿಡಿಯಲು, ಪೇಟೆಗೆ ಹೋಗಲು ದೋಣಿ ಅಲ್ಲೇ ಸಾಗಬೇಕು. ಆಮೇಲೆ ಕಟ್ಟಿದ ಗಟ್ಟೆಗಳ ನಡುವೆ ಸಣ್ಣ ದೋಣಿಯೊಂದು ನುಸುಳುವಷ್ಟು ಕಿಂಡಿ ಬಿಟ್ಟರು. ನೀರಿನ ಮಟ್ಟವೂ ಏರಿತು, ದೋಣಿಯೂ ಓಡಾಡಿತು.